ಬೆಲ್ಲದ ಕೊಪ್ಪರಿಗ್ಯಾಗ ಹಳ್ಳ ದಾಟಿದ್ದು

ಅಲ್ಲ ಹುಡುಗ್ರ್ಯಾ, ಟಿವಿಯಾಗಿನ ಟ್ಯಾಂಕ್ ಛಂದ ಕಾಣತಾವ, ನಾ ಎಲ್ಲಿ ಇಲ್ಲ ಅಂದೀನಿ? ಬಂದ್ ಮಾಡ್ರಿ ಅಂದಿದ್ದು ನನ್ನ ಸೊಸಿ, ನಿಮ್ಮ ಕಾಕು ಸಲುವಾಗಿ. ಒಳಗ ಕುಂತಾಳ, ಆಕಿಗೆ ಆ ಸಪ್ಪಳ ಬ್ಯಾಡ. ಕಾಕಾ ಫೌಜಿನಾಗ ಇದ್ದಾನಂತ ಊರೆಲ್ಲ ಹೇಳ್ಕೋತ ತಿರಗತೀರಿ, ಹೇಳ್ರಿ, ನನಗೂ ಅಭಿಮಾನ ಅದ. ಆದ್ರ ಅಂವ ಅಲ್ಲಿ ಏನ್ ಮಾಡತಾನ ಗೊತ್ತೇನು? ಪುಲ್ ಕಟ್ಟತಾನ, ಸೇತುವಿ. ಟ್ಯಾಂಕ್ ಹೊಳಿ ದಾಟಾಕ ಕಬ್ಬಿಣದ ಪುಲ್, ಲಾರಿಮ್ಯಾಲೆ ತರತಾರಂತ, ನೋಡನೋಡತ ಜೋಡಸ್ತಾರಂತ. ನಮ್ಮ ಹಳ್ಳಕ್ಕ ಇನ್ನೂ ಇಲ್ಲ ನೋಡ್ರಿ. ಅದರ ಸಲುವಾಗಿ ನಾ ಹುಮನಾಬಾದ ಕಚೇರಿಗೆ ಎಷ್ಟ್ ಸಲ ಹೋದೆ ಕೇಳಬ್ಯಾಡ್ರಿ, ಚಪ್ಪಲಿ ಸವದ್ವು. ಅಲ್ಲೊಬ್ಬ ಸಾಹೇಬ, ಪಾಪ, ಕೆಟ್ಟಾಂವಲ್ಲ, ಚಾ ಸುದ್ದಾ ಕುಡಿಸ್ದ. “ಆಯಿ, ಗಡಿಯಾಗ ಜಗಳ ನಡದದ, ರೊಕ್ಕೆಲ್ಲ ಆ ಕಡಿ ಹೊಂಟದ. ಒಂದೀಟು ತಡೀರಿ, ದೇಶ ಮೊದಲಲ್ಲ?” “ಹೌದ್ರಿ ಸಾಹೇಬ್ರ, ದೇಶ ಮೊದಲ. ನಮ್ಮೂರು ಯಾವ ದೇಶದಾಗ ಬರತದ್ರಿ?” ಅಂದೆ. ನಕ್ಕ.

ಆ ಮಳಿಗಾಲದಾಗೇ ನಿಮ್ಮ ಕಾಕುಗೆ ದಿನ ತುಂಬಿದ್ವು. ಚೊಚ್ಚಲು ಹೆರಿಗಿ ತವರಮನ್ಯಾಗ ಆಗಬೇಕಂತ ಆಕಿ ತವರೂರು ಕೊಹಿನೂರಿಂದ ಅಣ್ಣ ಆಟೋ ತಗೊಂಡು ಕರಿಯಾಕ ಬಂದ, ಹಳ್ಳ ತುಂಬಿ ಆಚಿ ದಂಡಿಗೇ ನಿಂತ. ಮುಂಜಾನಿ, ಅಲ್ಲ, ಹೊತ್ತು ಏರಿತ್ತು, ಆಕಿಗೆ ಬ್ಯಾನಿ ಸುರು ಆತು. ಗಂಡಸ್ರು ಗಾಣದಿಂದ ಬೆಲ್ಲ ಕಾಸೋ ದೊಡ್ಡ ಕೊಪ್ಪರಿಗಿ ಉಳ್ಳಿಸ್ಕೋತ ತಂದ್ರು. ಹಳ್ಳ ಬಂತಂದ್ರ ನಮಗ ಅದೇ ದೋಣಿ. ತೊಗರಿ ಚೀಲ ದಾಟ್ಸೀವಿ, ಒಮ್ಮೆ ಆಡು ದಾಟ್ಸೀವಿ, ಆ ಆಡು ತಳದಾಗಿನ ಬೆಲ್ಲ ನೆಕ್ಕೋತ ಇಳೀಲೇ ಇಲ್ಲ, ಏನ್ ನಗಿಯೋ ಮಾರಾಯ… ಏನ್ ಹೇಳಾಕತ್ತಿದ್ದೆ? ಹಾಂ, ಹಾಸಿಗಿ ಹಾಸಿ ಆಕಿನ್ನ ಮಲಗಿಸಿ, ತಲಿ ನನ್ನ ತೊಡಿಮ್ಯಾಲೆ ಇಟ್ಕೊಂಡೆ. ಗಂಡಸ್ರು ಎದಿಮಟ ನೀರಾಗ ಹಿಡಕೊಂಡು ನಡದ್ರು. ಕೊಪ್ಪರಿಗಿ ತಿರಗತದ, ತಿರಗತದ, ನಿಂದರವಲ್ದು. “ಅತ್ತಿ, ಕೈ ಬಿಡಬ್ಯಾಡ್ರಿ.” “ಬಿಡಂಗಿಲ್ಲವ್ವಾ.” ನಡು ಹಳ್ಳದಾಗ ಕೂಸು ಬಂತು. ಗಂಡು. ಅಳಲಿಲ್ಲ. ಬೆನ್ನ ತಟ್ಟಿದೆ, ಬಾಯಾಗ ಉಸಿರು ಊದಿದೆ, ಅಳಲೇ ಇಲ್ಲ. ಆಟೋದಾಗ ಹುಮನಾಬಾದ ದವಾಖಾನಿಗೆ ಒಯ್ದ್ವಿ, ಪುಣ್ಯಾ, ತಾಯಿ ಉಳದ್ಲು. ಡಾಕ್ಟ್ರಮ್ಮ ನನ್ನ ಹೆಗಲಮ್ಯಾಲೆ ಕೈ ಇಟ್ಟು, “ಸ್ವಲ್ಪ ಮೊದಲು ತಂದಿದ್ರ, ಆಯಿ…” ಅಂದ್ಲು. ಯಾವ ದಾರಿಲೆ ತರೂದಿತ್ತವ್ವಾ?

ಮಗ, ನಿಮ್ಮ ಕಾಕಾ, ರಜಾ ತಗೊಂಡು ಬಂದ. ಹೇಣತಿ ಮಾರಿ ನೋಡಿದ, ಸೀದಾ ಹಳ್ಳದ ದಂಡಿಗೆ ಹೋಗಿ ನಿಂತ. “ಅವ್ವಾ, ಇಷ್ಟ ಅಗಲ ಇದ್ರ ಅಲ್ಲಿ ನಾವು ಉಣ್ಣೂಕಿಂತ ಮೊದಲ ಪುಲ್ ಹಾಕಿ ಮುಗಸ್ತೀವಿ,” ಅಂದ. ಅಂದು ಕುಂತ್ಬಿಟ್ಟ. ಅಷ್ಟ್ ದೊಡ್ಡ ಆಳು, ಸಣ್ಣ ಹುಡಗನಂಗ ಅತ್ತ. ಫೌಜು ಬ್ಯಾಡಂತ ನಾ ಅನ್ನಂಗಿಲ್ಲ, ಫೌಜಿನಾಂವನ ತಾಯಿ ನಾನು. ಮನಿ ಕದಕ್ಕ ಕೀಲಿ ಬೇಕ ಬೇಕು. ಆದ್ರ ಒಳಗಿನ ಕೂಸು ಉಳದ್ರ ಅಲ್ಲೇನ್ರೋ ಅದು ಮನಿ?