ಬಟ್ಟೆ ಸಾಲದೆ ಹೋದ ಕಾಲು

ಅಧ್ಯಕ್ಷರೇ, ಧರ್ಮಸಭೆಯ ಹಿರಿಯರೇ, ಮುಂದಿನ ಸಾಲಲ್ಲಿ ಕೂತ ದೊಡ್ಡವರೇ, ಕುರ್ಚಿ ಸಿಗದೆ ಹಿಂದೆ ನಿಂತಿರುವ ಸಭಿಕರೇ,

ನಾನು ಮೂರನೇ ಕ್ಲಾಸು ದಾಟದವಳು. ಮಾತು ಉದ್ದವಾದರೆ ಕತ್ತರಿಸಿಬಿಡಿ. ನಾನು ದರ್ಜಿ, ಬೇಜಾರಿಲ್ಲ.

ಈ ರಂಗಮಂಟಪಕ್ಕೆ ಇವತ್ತು ನನ್ನ ಮೊಮ್ಮಗನ ಹೆಸರಿಡುತ್ತಿದ್ದೀರಿ. ಬದುಕಿದ್ದಾಗ ಕಡೆಕಡೆಗೆ ಇದರ ಮೆಟ್ಟಿಲು ಹತ್ತಲೂ ಬಿಡಲಿಲ್ಲ. ಸತ್ತ ಮೇಲೆ ಹಲಗೆಗೆ ಹತ್ತಿಸಿದ್ದೀರಿ. ಸಂತೋಷ.

ತಾಯಿಯಿಲ್ಲದ ಮಗು. ಹುಟ್ಟುವಾಗಲೇ ಒಂದು ಕಾಲು ಗಿಡ್ಡ. ಚಿಕ್ಕವನಿದ್ದಾಗ ಒಂದು ದಿನ ನನ್ನ ಹೊಲಿಗೆ ಮಿಷನ್ ಪಕ್ಕ ಕೂತು ಅಳುತ್ತ ಕೇಳಿದ: "ಅಜ್ಜಿ, ದೇವರು ನನ್ನನ್ಯಾಕೆ ಹಿಂಗೆ ಮಾಡ್ದ?" ದೊಡ್ಡ ಗ್ರಂಥಗಳಲ್ಲಿ ಉತ್ತರ ಇದ್ದಿರಬೇಕು. ನಾನು ಓದಿದವಳೇ? "ಬಟ್ಟೆ ಸಾಲ್ಲಿಲ್ಲ ಕಣೋ," ಅಂದೆ. "ನಿನ್ನ ಬಾಯಿಗೇ ಅರ್ಧ ಥಾನು ಖರ್ಚಾಯ್ತಂತೆ." ಅಳುತ್ತಿದ್ದವನು ಬಿದ್ದು ಬಿದ್ದು ನಕ್ಕ.

ದೊಡ್ಡವನಾಗಿ ಅದನ್ನೇ ಬೆಳೆಸಿ ಇಲ್ಲಿ ನಾಟಕವಾಡಿದ. ಸೃಷ್ಟಿಕರ್ತನೇ ದರ್ಜಿ, ಕೊರಳಲ್ಲಿ ಟೇಪು. ಗಿಡ್ಡ ಕಾಲಿನವನು ದೂರು ತಂದರೆ, "ಹೊಲಿದ ಮಾಲು ವಾಪಸ್ ಇಲ್ಲ, ಮುಂದಿನವರು ಬನ್ನಿ!" ನಕ್ಕವರು ಯಾರು? ನೀವು. ಕಣ್ಣೊರೆಸಿಕೊಂಡು ನಕ್ಕವರು ಯಾರು? ನೀವೇ. ಮುಂದಿನ ವಾರ, ಇದು ದೇವರಿಗೆ ಅವಮಾನ ಹೌದೋ ಅಲ್ಲವೋ ಎಂದು ಹಿರಿಯರು ಕೇಳಿದಾಗ ಹೌದೆಂದು ಕೈ ಎತ್ತಿದವರು? ಅದೂ ನೀವೇ.

"ಯಾರೋ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?" ಹಿರಿಯರು ಗದರಿದರು. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಂದೇ," ಅಂದ. ಆಮೇಲೆ ಯಾವ ವೇದಿಕೆಯೂ ಅವನನ್ನು ಕರೆಯಲಿಲ್ಲ. ಮಿಷನ್ ಪಕ್ಕ ಗೋಡೆ ನೋಡುತ್ತ ಕೂತ. ಮಾತು ಬಿಟ್ಟ, ಊಟ ಬಿಟ್ಟ, ಕೊನೆಗೆ ನನ್ನನ್ನೂ ಬಿಟ್ಟ.

ಈಗಷ್ಟೇ ಒಳಗೆ ಚಹಾ ಕೊಡುವಾಗ ಅಧ್ಯಕ್ಷರು ಕಿವಿಯಲ್ಲಿ ಹೇಳಿದರು: "ಅಜ್ಜೀ, ಸಾಯೋ ಮುಂಚೆ ತಪ್ಪಾಯ್ತು ಅಂದಿದ್ದ ಅಂತ ಒಂದು ಮಾತು ಹೇಳ್ಬಿಡಿ. ಆಮೇಲೆ ಹಲಗೆ ಮೇಲಿನ ಪರದೆ ಸರಿಸ್ತೀವಿ." ಅವನು ಹಾಗೆ ಅನ್ನಲಿಲ್ಲ ಸ್ವಾಮಿ. ಬಟ್ಟೆ ಸಾಲಲಿಲ್ಲ ಎಂಬ ಮಾತೂ ಅವನದಲ್ಲ, ನನ್ನದು. ಪರದೆ ಸರಿಸುವುದು ಬಿಡುವುದು ನಿಮಗೆ ಸೇರಿದ್ದು.

ಅವತ್ತು ದೇವರು ನಗುವವನಲ್ಲ ಎಂದಿರಿ. ಹಾಗಾದರೆ ಆ ಮಗುವಿನ ಬಾಯಿಗೆ ನಗು ಹೊಲಿದವರು ಯಾರು? ನನಗೆ ಗೊತ್ತಿಲ್ಲ. ಕೇಳುವುದನ್ನೂ ಬಿಟ್ಟಿದ್ದೇನೆ.

ಹೆಣಕ್ಕೆ ಹೊದಿಸುವ ಬಟ್ಟೆಯನ್ನು ನಾನೇ ಕತ್ತರಿಸಿದೆ, ಎಲ್ಲರಿಗೂ ಕತ್ತರಿಸುವ ಅಳತೆಗೇ. ಅವನು ಒಣಗಿಹೋಗಿದ್ದ; ಬಟ್ಟೆ ಮಿಕ್ಕಿತು. ಒಂದು ಕಾಲಿಗೆ ಆಗುವಷ್ಟು. ಅವನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಕರೆದಿರಿ, ಕೂರಿಸಿದಿರಿ, ಚಹಾ ಕೊಟ್ಟಿರಿ, ಉಪಕಾರವಾಯಿತು. ನಿಮಗೂ, ನಿಮ್ಮನ್ನು ಹೊಲಿದವನಿಗೂ ನಮಸ್ಕಾರ.