ಸೆಕೆಂಡಿಗೆ 270 ಡಿಗ್ರಿ ಎಂಬ ಸುಳ್ಳಿನ ಬಗ್ಗೆ ಹೇಳಿಕೆ

ನನ್ನ ಹೆಸರು ಸುಮಂಗಲಾ, ತಂದೆ ತಾಯಣ್ಣ, ವಯಸ್ಸು 37, ಉದ್ಯೋಗ ಪಾಲಿಟೆಕ್ನಿಕ್ ಉಪನ್ಯಾಸಕಿ, ವಾಸ ರಾಯಚೂರು. ಇಂದು ಬೆಳಿಗ್ಗೆ 11 ಗಂಟೆಗೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು, ನನ್ನ ತಮ್ಮ ಕೃಷ್ಣ ಮತ್ತು ಪೋತ್ನಾಳದಲ್ಲಿ ಗ್ಯಾರೇಜ್ ಇಟ್ಟಿರುವ ಹುಲಿಗೇಶ ಸೇರಿ, ಅವನ ಶೆಡ್ಡಿನಲ್ಲಿ ಒಬ್ಬರೇ ಕೂರುವ ಪುಟ್ಟ ವಿಮಾನವೊಂದನ್ನು ಕಟ್ಟಿದೆವು. ರೆಕ್ಕೆ ತುದಿಯಿಂದ ತುದಿಗೆ 5 ಮೀಟರ್, ಖಾಲಿ ತೂಕ 96 ಕೆ.ಜಿ. ಆಕಾಶದಲ್ಲಿ ಪಲ್ಟಿ ಹೊಡೆಯಲೆಂದೇ ಕಟ್ಟಿದ್ದು. ಹಾರಿಸಲು ಕಲಿತವರು ಕೃಷ್ಣ, ಹುಲಿಗೇಶ ಇಬ್ಬರೇ.

ಜನವರಿ 5ರಂದು ದೇವದುರ್ಗ ತಾಲ್ಲೂಕಿನ ಗೂಗಲ್ ಗ್ರಾಮದ ಪೀರಾ ಸಾಬ್ ಅವರ ಬೀಳು ಹೊಲದಿಂದ ಹುಲಿಗೇಶ ಹಾರಿಸಿದಾಗ, ಅದು ಗಾಳಿಯಲ್ಲಿ ಪಕ್ಕಕ್ಕೆ ಪೂರ್ತಿ ಒಂದು ಸುತ್ತು ಉರುಳಲು 2 ಸೆಕೆಂಡ್ ಹಿಡಿಯಿತು. ಅಂದರೆ ಸೆಕೆಂಡಿಗೆ 180 ಡಿಗ್ರಿ. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು. ಹುಲಿಗೇಶ ಮುಖ ಸಣ್ಣದು ಮಾಡಿಕೊಂಡ. 250 ದಾಟುತ್ತದೆ ಎಂದು ಊರೆಲ್ಲ ಕೊಚ್ಚಿಕೊಂಡಿದ್ದ.

ಜನವರಿ 19ರಂದು ನಾನಿಲ್ಲದಾಗ ಅವನು ಅದೇ ಹೊಲದಿಂದ ಮತ್ತೆ ಹಾರಿಸಿ, ಆ ವಿಡಿಯೋಕ್ಕೆ ಹಾಡು ಹಾಕಿ, ಒಂದೂವರೆ ಪಟ್ಟು ವೇಗ ಮಾಡಿ ರೀಲ್ಸ್ ಬಿಟ್ಟ. ಅದು ಅವನ ಶೋಕಿ, ಇರಲಿ. ಆದರೆ ಅದೇ ರೀಲ್ಸನ್ನು ಕೃಷ್ಣನಿಗೆ ತೋರಿಸಿ, ಗಾಳಿ ನುಸುಳದಂತೆ ರೆಕ್ಕೆಯ ಸಂದಿಗೆ ಟೇಪು ಹಚ್ಚಿದ ಮೇಲೆ 270 ಬರುತ್ತಿದೆ ಎಂದು ನಂಬಿಸಿದ್ದಾನೆ.

ಫೆಬ್ರವರಿ 2ರಂದು ಬೆಳಿಗ್ಗೆ 7-40ಕ್ಕೆ ಅದೇ ಹೊಲದಲ್ಲಿ ಕೃಷ್ಣ ಆ ಮಾತು ನಂಬಿ, ನೆಲದಿಂದ ಬರೀ 80 ಅಡಿ ಎತ್ತರದಲ್ಲಿ ವಿಮಾನ ಉರುಳಿಸಿದ. ಸುತ್ತು ಮುಗಿಯುವ ಮೊದಲೇ ಮೂತಿ ಇಳಿದು ಎಡ ರೆಕ್ಕೆ ನೆಲಕ್ಕೆ ಬಡಿಯಿತು. ನಾನು 200 ಮೀಟರ್ ಓಡಿ ಹೋದೆ. ‘ಯಕ್ಕಾ, ಎರಡ್ನೂರ ಎಪ್ಪತ್ತು ಬರ್ತದ ಅಂದಿದ್ನಲ್ಲ ಅಂವ’ ಎಂದು ಅವನು ಕೇಳಿದ. ನನಗೆ ವಿಷಯ ತಿಳಿದದ್ದೇ ಆಗ. ಆಸ್ಪತ್ರೆಯಲ್ಲಿ ಕೃಷ್ಣನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದಿದ್ದಾರೆ.

ಅಲ್ಲಿಯೇ ನಾನು ಆ ರೀಲ್ಸ್ ನೋಡಿದೆ. ವಿಮಾನದ ಹಿಂದೆ ಪೀರಾ ಸಾಬ್ ದುಡುದುಡು ಓಡುತ್ತಿದ್ದಾರೆ. ಅವರಿಗೆ 74 ವರ್ಷ, ಕೋಲಿಲ್ಲದೆ ಹೆಜ್ಜೆ ಇಡಲಾರರು. ಆಮೇಲೆ ಅವರಿಗೇ ತೋರಿಸಿದಾಗ ‘ಯವ್ವಾ, ನಾ ಹಿಂಗ ಓಡಿ ಯಾವ ಜಮಾನಾ ಆತು’ ಎಂದು ಫೋನ್ ವಾಪಸ್ ಕೊಟ್ಟರು. ಅವರು ನಿಜವಾಗಿ ನಡೆಯುವ ವೇಗಕ್ಕೆ ವಿಡಿಯೋ ನಿಧಾನ ಮಾಡಿ, ಒಂದು ಸುತ್ತನ್ನು ಅಳೆದೆ. ಅದೇ 2 ಸೆಕೆಂಡ್. ಟೇಪಿನಿಂದ ಒಂದು ಡಿಗ್ರಿಯೂ ಹೆಚ್ಚಿಲ್ಲ.

ಈಗ ಹುಲಿಗೇಶ, ಕೃಷ್ಣನಿಗೆ ಹಾರಿಸಲು ಬರುವುದಿಲ್ಲ ಎಂದು ಮಾನ್ವಿವರೆಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ನನ್ನ ಹೊಟ್ಟೆ ಉರಿಯುತ್ತಿದೆ. ಇದನ್ನೂ ಹಾಗೆಯೇ ಬರೆದುಕೊಳ್ಳಲು ಠಾಣೆಯ ರೈಟರ್ ಅವರಿಗೆ ಹೇಳಿದ್ದೇನೆ.

ನಿನ್ನೆ ಅವನು ಮನೆಗೆ ಬಂದು, ‘ಅಕ್ಕಾರ, ಪರ್ಮಿಶನ್ ಇಲ್ದ ಕಟ್ಟೀವಿ. ಕಂಪ್ಲೇಂಟ್ ಕೊಟ್ರ ನಿಮ್ಮ ನೌಕರಿನೂ ಹೋಗ್ತದ ನೋಡ್ರಿ. ಕುಂತು ಬಗಿಹರಿಸ್ಕೊಳ್ಳೂಣು’ ಎಂದ. ಚಹಾ ಕೊಟ್ಟು ಕಳಿಸಿದೆ.

ಅವನು ಹೇಳಿದ್ದು ನಿಜ. ಅನುಮತಿ ಇಲ್ಲದ ಆ ವಿಮಾನದ ರೆಕ್ಕೆ, ಬಾಲ, ಲೆಕ್ಕ ಎಲ್ಲ ನನ್ನ ಕೆಲಸ. ಅನುಮತಿ ಇಲ್ಲದೆ ಕಟ್ಟಿದ ಕೇಸಿನಲ್ಲಿ ಮೊದಲನೇ ಆರೋಪಿಯಾಗಿ ನನ್ನ ಹೆಸರನ್ನೇ ಬರೆದುಕೊಳ್ಳಿ, ಅದರ ಕೆಳಗೇ ಹುಲಿಗೇಶನದು ಇರಲಿ. ನನಗೆ ಜಾಮೀನು ಬೇಡ. ಅವನನ್ನು ಲಾಕಪ್ಪಿನ ಒಳಗೆ ತರುವಾಗ ನಾನು ಅಲ್ಲೇ ಇರಬೇಕು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ, ಒಂದಕ್ಷರವನ್ನೂ ಮೆತ್ತಗೆ ಮಾಡಿಲ್ಲ.

ಸ್ಥಳ: ದೇವದುರ್ಗ
ದಿನಾಂಕ: 19-02-2025
ಸಹಿ: ಸುಮಂಗಲಾ