ಅಜ್ಜ ಅಂಗಿ ಬಿಚ್ಚಿದ್ದು

ಅಲ್ದೇ ತಂಗಿ, ನಿನ್ನ ಬದುಕಿಸಿದ್ದು ಮಷಿನ್ನೂ ಅಲ್ಲ ಗಿಷಿನ್ನೂ ಅಲ್ಲ, ಅದೋ ಜಗಲಿ ತುದಿಗೆ ಬರಿಮೈಲಿ ಕೂತು ಎಲೆಅಡಕೆ ಕವಳ ಹಾಕ್ತಾ ಇದ್ನಲಾ, ನಿನ್ನಜ್ಜ, ಅವನ ಎದೆ. ನಗಡ, ಖರೇ ಹೇಳ್ತಿ. ನೀನು ದಿನ ತುಂಬದ್ದೆ ಹುಟ್ಟಿದ ಕೂಸು. ಗಾತ್ರ ಎಂತ, ಒಂದು ಮೊಗೆಕಾಯಿ... ಇಲ್ಲೆ, ಮೊಗೆಕಾಯಿ ದೊಡ್ಡಾತು, ಹೀರೇಕಾಯಿ ಹೇಳು. ಕಾಲು ಮುಟ್ಟಿರೆ ಬಾವಿ ನೀರಿನಾಂಗೆ ತಣ್ಣಗೆ. ಉಳೀತೋ ಇಲ್ಯೋ ಹೇಳಿ ಯಂಗೆ ಜೀವವೇ ಇಲ್ಲೆ. ನಿನ್ನ ಹೆತ್ತ ಆಯಿ ಬೀಪಿ ಏರಿ ಬೇರೆ ಕೋಣೆಲಿ ಮಲಗಿತ್ತು. ಅಪ್ಪಂಗೆ ಜ್ವರ, ಅವನ್ನ ಒಳಗೇ ಬಿಡ್ತ್ವಿಲ್ಲೆ. ಶಿರಸಿ ಆಸ್ಪತ್ರೆಲಿ ಗಾಜಿನ ಪೆಟ್ಟಿಗೆ ಇತ್ತು, ಆದ್ರೆ ಅದ್ರಲ್ಲಿ ನಿನಗಿಂತ ಕಷ್ಟದ ಕೂಸು ಮಲಗಿತ್ತು. ಉಳಿದದ್ದು ಯಾರು? ಆನು, ನಿನ್ನಜ್ಜಿ, ಮತ್ತೆ ಈ ಮಹಾರಾಯ.

ಹಾವೇರಿ ಬದಿಯ ನರ್ಸು ಒಂದಿತ್ತು. 'ಅಮ್ಮಾರ, ಕೂಸನ್ನ ಬರಿಮೈಗೆ ಅಂಟಿಸಿ ಕಟ್ಟಿಕೊಳ್ರಿ. ನಿಮ್ಮ ಮೈ ಕಾವೇ ಇದಕ್ಕ ಔಷಧ. ಒಬ್ಬರಾದ ಮ್ಯಾಲ ಒಬ್ರು ಹಿಡೀರಿ, ಕೆಳಗ ಇಡಬ್ಯಾಡ್ರಿ' ಹೇಳ್ತು. ಬರೀ ಕಾವಿಂದ ಕೂಸು ಉಳಿತಾ? ಯಂಗೆ ನಂಬಿಕೆ ಬಂಜಿಲ್ಲೆ. ಆದ್ರೂ ಕಟ್ಕಂಡಿ, ಸೊಂಟ ಬಿದ್ದೋಗುವಷ್ಟು ಹೊತ್ತು ಕೂತಿ. ಇನ್ನು ಅಜ್ಜನ ಪಾಳಿ. ಅಜ್ಜ ಹೇಳಿರೆ ಎಂತ ಮಡಿ ಗೊತ್ತಿದ್ದಾ! ಸ್ವಂತ ಮಕ್ಕಳನ್ನೇ ಎತ್ತಿ ಆಡಿಸಿದ ಜನ ಅಲ್ಲ. 'ಅಮೆ ಇದ್ದು, ಹುಟ್ಟಿದ ಸೂತಕ, ಶುದ್ಧ ಆಗೋವರೆಗೆ ಕೂಸನ್ನ ಮುಟ್ಲಾಗ' ಹೇಳ್ದ. ನರ್ಸು 'ಅಜ್ಜಾರ, ಅಂಗಿ ಬಿಚ್ಚರಿ' ಹೇಳಿದ್ದೇ ಸೈ, ಗೋಡೆ ಬದಿಗೆ ತಿರುಗಿ, 'ಹೆಂಗಸ್ರ ವಾರ್ಡು, ನಾಚಿಕೆ ಆಗ್ತು' ಹೇಳ್ದ. ಯಂಗೆ ಸಿಟ್ಟು ನೆತ್ತಿಗೇರ್ತು. 'ಅಲ್ದಾ, ಊಟದ ಪಂಕ್ತಿಲಿ ಊರ ಹೆಂಗಸ್ರ ಎದುರು ಬರಿಮೈಲಿ ಕೂತು ಪಾಯಸ ಸುರಿವಾಗ ಎಲ್ಲಿ ಹೋಗಿತ್ತು ಈ ನಾಚಿಕೆ? ಪಾಯಸಕ್ಕೆ ಬಿಚ್ಚಲಾಗ್ತು, ಮೊಮ್ಮಗಳಿಗೆ ಆಗ್ತಿಲ್ಯಾ?' ಹೇಳಿ ಕೂಗ್ದಿ. ವಾರ್ಡಿಗೆ ವಾರ್ಡೇ ನಗ್ಯಾಡ್ತು.

ಬಿಚ್ಚಿದ. ಆನೂ ಮುಟ್ಲಾಗದ್ದ ತನ್ನ ಮಡಿ ಶಾಲಿನಲ್ಲೇ ನಿನ್ನ ಎದೆಗೆ ಕಟ್ಟಿಸ್ಕಂಡ. ಕೆಮ್ಮು ಬಂದ್ರೂ ಕೆಮ್ಮದ್ದೆ, ಕೊರಡಿನಾಂಗೆ ಕೂತ. ನೀನು ಎಂತ ಮಾಡ್ದೆ ಗೊತ್ತಿದ್ದಾ? ಜನಿವಾರ ಹಿಡಕಂಡು ಶಾಲಿಗೆ ಉಚ್ಚೆ ಹೊಯ್ದೆ! ಆತು, ಇನ್ನು ಸ್ನಾನಕ್ಕೆ ಓಡ್ತ ಹೇಳಿ ಆನು ಎಣಿಸಿರೆ, 'ಶ್, ಅಲ್ಲಾಡಸಡ, ಕಾಲು ಬೆಚ್ಚಗಾಯ್ದು ನೋಡು' ಹೇಳ್ದ. ಮುಟ್ಟಿ ನೋಡ್ದಿ. ಹೌದು, ಬೆಚ್ಚಗೆ! ಆನು ಅತ್ತಿ. ಅವನೂ ಅತ್ತ, ಈಗ ಕೇಳಿರೆ ಅತ್ತಿದ್ನೇ ಇಲ್ಲೆ ಹೇಳ್ತ. ಆಮೇಲೆ ಯನ್ನ ಪಾಳಿ ಬಂತು, ಕೊಡು ಹೇಳಿರೆ ಕೊಡ್ತ್ನಿಲ್ಲೆ! ನಿನ್ನ ಆಯಿ ಎದ್ದು ಬಂದು ಕೇಳಿದ್ಮೇಲೇ ಬಿಟ್ಟ.

ಅದಕ್ಕೇ ಹೇಳ್ತಿ, ಕೂಸಿಗೆ ಮೊದ್ಲು ಮೈ ಬಿಸಿ ಬೇಕು, ಮರ್ಯಾದೆ ಆಮೇಲೆ ನೋಡ್ಕಂಬಲಕ್ಕು. ಹೋಗು, ಅಜ್ಜಂಗೆ ಥಂಡಿ ಆಗ್ತು, ಅಂಗಿ ಕೊಟ್ಟು ಬಾ.